ಹೇಳಲಿಕ್ಕೆ ಹೋಗುವವನು ಮೊದಲು ಕೇಳಲಿಕ್ಕೆ ಕಲಿಯಲಿ

ಯೌವನಸ್ಥರ ಅನ್ಯದೇಶ ಸೇವೆಯನ್ನು ಕುರಿತ ಪಾಠ

ಓದತಕ್ಕ ಭಾಗಗಳು: ಲೂಕ ೧೦ನೆಯ ಅಧ್ಯಾಯ, ೧ರಿಂದ ೧೧, ಅಪೊಸ್ತಲರ ಕೃತ್ಯಗಳು ೨ನೆಯ ಅಧ್ಯಾಯ, ೫ರಿಂದ ೧೧, ೧೩ನೆಯ ಅಧ್ಯಾಯ, ೧ರಿಂದ ೧೩, ೧೫ನೆಯ ಅಧ್ಯಾಯ, ೩೬ರಿಂದ ೪೧, ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ ೪ನೆಯ ಅಧ್ಯಾಯ, ೧೧.



ಊರು ಬಿಟ್ಟು ಹೋಗುವದೆಂದರೆ ಏನೆಂಬದನ್ನು ರಾಯಚೂರು ಸೀಮೆಯ ಗ್ರಾಮಸಭೆಗಳವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರುಷದಲ್ಲಿ ಲಿಂಗಸುಗೂರು ಮಸ್ಕಿಗಳ ಕಡೆಯ ಒಣಭೂಮಿಯ ಹಳ್ಳಿಗಳಿಂದ ಕುಟುಂಬಕ್ಕೆ ಕುಟುಂಬವೇ ಗುಳೆ ಹೋಗುತ್ತದೆ. ಮನೆಗೆ ಬೀಗ ಬೀಳುತ್ತದೆ. ಮುದುಕರು ಕಟ್ಟೆಯ ಮೇಲೆ ಉಳಿಯುತ್ತಾರೆ. ದುಡಿಯುವ ವಯಸ್ಸಿನವರೆಲ್ಲರೂ ಬೆಂಗಳೂರಿಗೋ ಗೋವೆಗೋ ಮುಂಬಯಿಗೋ ಹೊರಟು ಹೋಗುತ್ತಾರೆ. ಇದು ಹೊಟ್ಟೆಗಾಗಿ ಮಾಡುವ ಪ್ರಯಾಣ. ಆದರೆ ಹೊಟ್ಟೆಯ ನಿಮಿತ್ತವಾಗಿ ಅಲ್ಲದೆ, ತಾನು ಸತ್ಯವೆಂದು ನಂಬಿದ ಮಾತನ್ನು ತಿಳಿಸುವ ನಿಮಿತ್ತವಾಗಿಯೇ ತಂದೆತಾಯಿಗಳನ್ನೂ ಸ್ವಭಾಷೆಯನ್ನೂ ಬಿಟ್ಟು ಕಾಣದ ದೇಶಕ್ಕೆ ಹೋಗುವ ಯೌವನಸ್ಥರೂ ಲೋಕದಲ್ಲಿ ಉಂಟು. ಅಂಥವರ ಸೇವೆಯು ಎಂಥದು, ಅದರಲ್ಲಿ ನಿಲ್ಲುವಂಥದು ಯಾವದು, ಅವರನ್ನು ಕಳುಹಿಸುವ ಸಭೆಯ ಕರ್ತವ್ಯವೇನು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಹದಿನೆಂಟು ವಯಸ್ಸಿನ ಸೇವಕರು

ಅಮೆರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ ೧೮೩೦ನೆಯ ಇಸವಿ ಏಪ್ರಿಲ್ ೬ರಂದು ಜೋಸೆಫ್ ಸ್ಮಿತ್ ಎಂಬ ೨೪ ವರುಷದವರು ಒಂದು ಸಭೆಯನ್ನು ಸ್ಥಾಪಿಸಿದರು. ಅದರ ಪೂರ್ಣನಾಮವು 'ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ' ಎಂದು ಅರ್ಥಕೊಡುತ್ತದೆ. ಅವರು ಸತ್ಯವೇದದೊಂದಿಗೆ 'ಮೊರ್ಮೊನನ ಗ್ರಂಥ'ವೆಂಬ ಇನ್ನೊಂದು ಪುಸ್ತಕವನ್ನೂ ದೇವರ ವಾಕ್ಯವೆಂದು ಎಣಿಸುವದರಿಂದ ಜನರು ಅವರನ್ನು ಮೊರ್ಮೊನರೆಂದು ಕರೆಯುವದು ವಾಡಿಕೆಯಾಯಿತು. ಆ ಗ್ರಂಥದ ವಿಷಯದಲ್ಲಿಯೂ ತ್ರೈಯೇಕತ್ವದ ಉಪದೇಶದಲ್ಲಿಯೂ ಅವರಿಗೂ ಪ್ರೊಟೆಸ್ಟಂಟ್ ಸಭೆಗಳಿಗೂ ದೊಡ್ಡ ಭೇದವುಂಟು, ಅದನ್ನು ಮರೆಮಾಡತಕ್ಕದ್ದಲ್ಲ. ಆದರೂ ಉಪದೇಶದಲ್ಲಿ ನಮ್ಮಿಂದ ಬೇರೆಯಾದವರ ಶಿಸ್ತನ್ನು ನೋಡಿ ಕಲಿಯುವದರಲ್ಲಿ ತಪ್ಪೇನೂ ಇಲ್ಲ. ಸಮಾರ್ಯದವನನ್ನು ದೃಷ್ಟಾಂತವಾಗಿ ಮುಂದಿಟ್ಟ ಕರ್ತನೇ ನಮಗೆ ಇದನ್ನು ತೋರಿಸಿಕೊಟ್ಟಿದ್ದಾನೆ.

ಅವರ ಕ್ರಮವು ಹೀಗಿದೆ. ಗಂಡುಮಕ್ಕಳು ೧೮ ವರುಷ ತುಂಬಿದ ಮೇಲೆ ಎರಡು ವರುಷಗಳ ವರೆಗೂ, ಯುವತಿಯರು ೧೮ ತಿಂಗಳುಗಳ ವರೆಗೂ ಸೇವೆಗೆ ಹೋಗಬಹುದು. ೨೦೧೨ನೆಯ ಇಸವಿಗೆ ಮೊದಲು ಗಂಡುಮಕ್ಕಳಿಗೆ ೧೯, ಯುವತಿಯರಿಗೆ ೨೧ ವರುಷಗಳಾಗಿರಬೇಕೆಂಬ ನಿಯಮವಿತ್ತು. ಇಂಥ ದೇಶಕ್ಕೆ ಹೋಗುವೆನೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯವು ಅವರಿಗಿಲ್ಲ; ಸಭೆಯ ಮುಖ್ಯಸ್ಥರಿಂದ ಬಂದ ಪತ್ರದಲ್ಲಿ ಯಾವ ಸ್ಥಳದ ಹೆಸರಿರುವದೋ ಅಲ್ಲಿಗೆ ಹೋಗಬೇಕು. ಸಂಬಳವಿಲ್ಲ, ತಾವು ಕೂಡಿಟ್ಟ ಹಣದಿಂದಲೂ ಮನೆಯವರ ಸಹಾಯದಿಂದಲೂ ವೆಚ್ಚವನ್ನು ನಡಿಸಿಕೊಳ್ಳಬೇಕು. ಅಂಗಿಯ ಮೇಲೆ ಹೆಸರಿನ ಫಲಕ. ಗಂಡುಮಕ್ಕಳಿಗೆ 'ಎಲ್ಡರ್' ಎಂಬ ಪದವಿ, ಯುವತಿಯರಿಗೆ 'ಸಿಸ್ಟರ್' ಎಂಬ ಪದವಿ. ೨೦೧೯ನೆಯ ಇಸವಿಯಿಂದ ವಾರಕ್ಕೊಮ್ಮೆ ತಂದೆತಾಯಿಗಳೊಂದಿಗೆ ಮಾತಾಡಲು ಅಪ್ಪಣೆಯಾಗಿದೆ. ಅದಕ್ಕೆ ಮುಂಚೆ ವರುಷದಲ್ಲಿ ಒಂದೆರಡು ಸಾರಿ ಮಾತ್ರವೇ ಮನೆಯವರ ಧ್ವನಿಯನ್ನು ಕೇಳುತ್ತಿದ್ದರು. ೨೦೨೪ನೆಯ ಇಸವಿಯ ಕೊನೆಯಲ್ಲಿ ಹೀಗೆ ಸೇವೆಯಲ್ಲಿದ್ದವರ ಸಂಖ್ಯೆಯು ೭೦,೦೦೦ಕ್ಕಿಂತ ಹೆಚ್ಚಾಗಿತ್ತು.

ಅವರ ನಿಯಮಗಳಲ್ಲಿ ಎರಡನ್ನು ವಿಶೇಷವಾಗಿ ಗಮನಿಸಿರಿ. ಒಂದನೆಯದು, ಯಾರೂ ಒಂಟಿಯಾಗಿ ಹೋಗುವದಿಲ್ಲ. ಯಾವಾಗಲೂ ಜೊತೆಗಾರನೊಬ್ಬನು ಇರುತ್ತಾನೆ. ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳುಹಿಸಿದ ಕರ್ತನ ಕ್ರಮವನ್ನು ಲೂಕನ ಸುವಾರ್ತೆಯಲ್ಲಿ ಓದಿದವರಿಗೆ ಇದು ಹೊಸದಲ್ಲ. ಎರಡನೆಯದು, ಬೇರೆ ಭಾಷೆಯ ದೇಶಕ್ಕೆ ಹೋಗತಕ್ಕವರನ್ನು ಯೂಟಾ ಸಂಸ್ಥಾನದ ಪ್ರೊವೋ ಮೊದಲಾದ ಸ್ಥಳಗಳಲ್ಲಿರುವ ಶಿಕ್ಷಣ ಕೇಂದ್ರಗಳಲ್ಲಿ ಸೇರಿಸಿ, ಕೆಲವು ವಾರಗಳ ವರೆಗೆ ಆ ಭಾಷೆಯನ್ನು ಕಲಿಸುತ್ತಾರೆ. ಈ ಎರಡನೆಯ ನಿಯಮವು ಅವರಲ್ಲಿ ಆದಿಯಿಂದಲೂ ಇದ್ದದ್ದಲ್ಲ. ಅದಿಲ್ಲದ ಕಾಲದಲ್ಲಿ ಏನಾಯಿತೆಂಬದಕ್ಕೆ ನಮ್ಮ ದೇಶವೇ ಸಾಕ್ಷಿಯಾಗಿದೆ.

೨. ಒಂದೇ ವರುಷದಲ್ಲಿ ಬಂದ ಎರಡು ವಿಧದವರು

೧೮೫೨ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಯೂಟಾದ ಸಾಲ್ಟ್ ಲೇಕ್ ಪಟ್ಟಣದಲ್ಲಿ ಕೂಡಿದ ದೊಡ್ಡ ಸಭೆಯಲ್ಲಿ ಹಿಂದೂಸ್ಥಾನಕ್ಕೂ ಸಯಾಮಿಗೂ ಹೋಗತಕ್ಕವರ ಹೆಸರುಗಳನ್ನು ಓದಿದರು. ಅವರಲ್ಲಿ ಹಲವರು ಹೆಂಡತಿ ಮಕ್ಕಳುಳ್ಳವರು. ೧೩ ಮಂದಿ ೧೮೫೩ನೆಯ ಇಸವಿ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋ ರೇವಿನಿಂದ ಹಡಗು ಹತ್ತಿ, ಏಪ್ರಿಲ್ ತಿಂಗಳಲ್ಲಿ ಕಲ್ಕತ್ತೆಗೆ ಮುಟ್ಟಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್ ಎಂಬವರು ಅದೇ ವರುಷ ಜುಲಾಯಿಯಲ್ಲಿ ಮದ್ರಾಸಿಗೆ ಬಂದರು. ಹ್ಯೂ ಫಿಂಡ್ಲೆ ಎಂಬವರು ಹಿಂದಿನ ವರುಷವೇ ಮುಂಬಯಿಗೆ ಬಂದು, ಅಲ್ಲಿಯೂ ಪುಣೆಯಲ್ಲಿಯೂ ಕೆಲಸ ಮಾಡುತ್ತಿದ್ದರು.

ಇವರ ಧೈರ್ಯವನ್ನೂ ಬಡತನವನ್ನೂ ಯಾರೂ ಹಗುರವಾಗಿ ಎಣಿಸಲಾರರು. ಆದರೆ ಇವರ ಕೆಲಸವು ಬಹುಮಟ್ಟಿಗೆ ಆಂಗ್ಲ ಭಾಷೆಯಲ್ಲಿಯೇ, ದಂಡುಗಳಲ್ಲಿದ್ದ ಯುರೋಪಿಯರ ಮಧ್ಯದಲ್ಲಿಯೇ ನಡೆಯಿತು. ದಂಡಿನ ಅಧಿಕಾರಿಗಳು ಅನೇಕ ಕಡೆಗಳಲ್ಲಿ ಬಾಗಿಲು ಮುಚ್ಚಿದರು. ದಂಡೆಂದರೆ ಏನೆಂದು ಲಿಂಗಸುಗೂರಿನವರು ಬಲ್ಲರು. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ದಂಡು ಒಂದು ಕಾಲದಲ್ಲಿ ಅಲ್ಲಿಯೂ ಇತ್ತು. ದಂಡಿನ ಬೇಲಿಯೊಳಗೆ ಆಡಿದ ಮಾತು ಬೇಲಿಯಾಚೆಯ ಹಳ್ಳಿಯನ್ನು ಮುಟ್ಟುವದಿಲ್ಲ. ಬಂದ ಕಡೆಯಲ್ಲೆಲ್ಲಾ ಕೇಳುವವರು ಕೆಲವರೇ. ನಂಬಿದವರಲ್ಲಿಯೂ ಕೆಲವರು ದೇಶವನ್ನು ಬಿಟ್ಟು ಯೂಟಾಕ್ಕೆ ಹೊರಟರು. ಬ್ಯಾಲಂಟೈನರು ೧೮೫೪ರಲ್ಲಿ ಹಿಂದಿರುಗಿದರು. ೧೮೫೬ರೊಳಗಾಗಿ ಆ ಸಂಗಡಿಗರಲ್ಲಿ ಬಹುಮಂದಿ ದೇಶವನ್ನು ಬಿಟ್ಟಿದ್ದರು. ಅದೇ ಸಭೆಯವರು ಬೆಂಗಳೂರಿನಲ್ಲಿ ತಮ್ಮ ಮಿಶನನ್ನು ಸ್ಥಾಪಿಸಿದ್ದು ೧೯೯೩ನೆಯ ಇಸವಿಯಲ್ಲಿ, ಅಂದರೆ ಸುಮಾರು ೧೪೦ ವರುಷಗಳ ತರುವಾಯ. ಅದರ ಮೊದಲನೆಯ ಅಧ್ಯಕ್ಷರಾದ ಗುರುಚರಣ ಸಿಂಗ್ ಗಿಲ್ ಎಂಬವರು ಪಂಜಾಬಿನಲ್ಲಿ ಹುಟ್ಟಿದವರು.

ಅದೇ ೧೮೫೩ನೆಯ ಇಸವಿಯಲ್ಲಿ ಇನ್ನೊಬ್ಬ ಯೌವನಸ್ಥರು ಕನ್ನಡ ದೇಶಕ್ಕೆ ಬಂದರು. ಅವರ ವಯಸ್ಸು ೨೧. ಜರ್ಮನಿಯ ಪೂರ್ವ ಫ್ರೀಸ್ಲಂಡಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, ಬಾಸೆಲ್ ಮಿಶನಿನ ಶಾಲೆಯಲ್ಲಿ ಕಲಿತು ಬಂದವರು. ಅವರೇ ಫೆರ್ಡಿನಂಡ್ ಕಿಟ್ಟೆಲ್. ಅವರಿಗಿಂತ ೧೭ ವರುಷ ಮೊದಲು, ೧೮೩೬ರಲ್ಲಿ, ಹೆರ್ಮನ್ ಮೋಗ್ಲಿಂಗ್ ಎಂಬವರು ೨೫ನೆಯ ವಯಸ್ಸಿನಲ್ಲಿ ಮಂಗಳೂರಿಗೆ ಬಂದು ಕನ್ನಡವನ್ನು ಕಲಿತು, ೧೮೪೩ನೆಯ ಇಸವಿ ಜುಲಾಯಿ ೧ರಂದು 'ಮಂಗಳೂರ ಸಮಾಚಾರ'ವೆಂಬ ಕನ್ನಡದ ಮೊದಲನೆಯ ವೃತ್ತಾಂತ ಪತ್ರಿಕೆಯನ್ನು ಹೊರಡಿಸಿದ್ದರು. ಕಿಟ್ಟೆಲರು ಆ ದಾರಿಯಲ್ಲಿಯೇ ನಡೆದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದುಕೊಂಡು, ಪಂಡಿತರ ಹತ್ತಿರ ಹಳಗನ್ನಡ ಕಾವ್ಯಗಳನ್ನೂ, ಸಾಮಾನ್ಯ ಜನರ ಬಾಯಿಂದ ಗಾದೆಗಳನ್ನೂ ಆಡುಮಾತುಗಳನ್ನೂ ಕೇಳಿ ಕೇಳಿ ಬರೆದುಕೊಂಡರು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, ೧೮೭೫ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚುಹಾಕಿಸಿದರು. ಸುಮಾರು ೭೦,೦೦೦ ಶಬ್ದಗಳುಳ್ಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ೧೮೯೪ರಲ್ಲಿ ಪ್ರಕಟವಾದಾಗ ಅವರಿಗೆ ೬೨ ವರುಷ. ಹಡಗಿನಿಂದ ಇಳಿದ ದಿನದಿಂದ ಲೆಕ್ಕಹಾಕಿದರೆ ೪೧ ವರುಷಗಳ ಕೆಲಸ.

ಪ್ರಿಯರೇ, ಇವರಲ್ಲಿ ಯಾರ ಭಕ್ತಿ ಹೆಚ್ಚು, ಯಾರ ಭಕ್ತಿ ಕಡಿಮೆ ಎಂದು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಎರಡು ಪಕ್ಷದವರೂ ಸಮುದ್ರವನ್ನು ದಾಟಿದರು; ಎರಡು ಪಕ್ಷದವರೂ ಕಷ್ಟಪಟ್ಟರು. ಆದರೆ ಒಂದು ಪಕ್ಷದವರು ಹೇಳುವದಕ್ಕಾಗಿಯೇ ಬಂದು, ತಮ್ಮ ಭಾಷೆಯನ್ನು ಬಲ್ಲವರನ್ನು ಹುಡುಕಿದರು. ಇನ್ನೊಂದು ಪಕ್ಷದವರು ವರುಷಗಟ್ಟಲೆ ಕೇಳಿದರು. ಕೇಳಿದವರ ಕೆಲಸವನ್ನು ಇಂದಿಗೂ ಕನ್ನಡಿಗರೆಲ್ಲರೂ ತಮ್ಮದೆಂದು ಉಪಯೋಗಿಸುತ್ತಾರೆ. ಆ ನಿಘಂಟನ್ನು ತೆರೆಯುವವನು ಯಾವ ಮತದವನು, ಯಾವ ಜಾತಿಯವನು ಎಂದು ಅದು ಕೇಳುವದಿಲ್ಲ.

೩. ಮಸ್ಕಿಯ ಬಂಡೆಯು ಕಲಿಸುವ ಪಾಠ

ಈ ಮಾತಿಗೆ ಸಾಕ್ಷಿಯನ್ನು ಹುಡುಕಲು ಸಮುದ್ರತೀರದ ವರೆಗೆ ಹೋಗಬೇಕಾಗಿಲ್ಲ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವುಂಟೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಚಿನ್ನದ ಗಣಿಗಳ ಸಂಬಂಧವಾಗಿ ಈ ಸೀಮೆಯಲ್ಲಿ ಸಂಚರಿಸುತ್ತಿದ್ದ ಬೀಡನ್ ಎಂಬ ಇಂಜಿನಿಯರರು ೧೯೧೫ನೆಯ ಇಸವಿಯಲ್ಲಿ ಅದನ್ನು ಕಂಡುಹಿಡಿದರು. ಅದು ವರೆಗೆ ದೊರಕಿದ್ದ ಶಾಸನಗಳಲ್ಲಿ 'ದೇವರಿಗೆ ಪ್ರಿಯನು' ಎಂಬಂಥ ಬಿರುದುಗಳು ಮಾತ್ರವಿದ್ದವು. ಮಸ್ಕಿಯಲ್ಲಿ ಆ ಬಿರುದಿನೊಂದಿಗೆ ಅಶೋಕನೆಂಬ ಹೆಸರೂ ಸಿಕ್ಕಿದ್ದರಿಂದ, ಆ ದೊರೆಯು ಯಾರೆಂಬ ಸಂದೇಹವು ತೀರಿತು.

ಆ ಅರಸನೂ ಧರ್ಮೋಪದೇಶಕ್ಕಾಗಿ ದೂರದೇಶಗಳಿಗೆ ದೂತರನ್ನು ಕಳುಹಿಸಿದವನೇ. ಅವನ ಮಗನಾದ ಮಹೇಂದ್ರನೂ ಮಗಳಾದ ಸಂಘಮಿತ್ರೆಯೂ ಸಿಂಹಳದ್ವೀಪಕ್ಕೆ ಹೋದರೆಂದೂ, ರಕ್ಖಿತನೆಂಬ ಭಿಕ್ಷುವು ನಮ್ಮ ಬನವಾಸಿಗೆ ಬಂದನೆಂದೂ ಸಿಂಹಳದವರ ಹಳೆಯ ಗ್ರಂಥವಾದ ಮಹಾವಂಶವು ಹೇಳುತ್ತದೆ. ಮಸ್ಕಿಯ ಶಾಸನದ ಸಾರಾಂಶವೂ ಯೋಚಿಸತಕ್ಕದ್ದಾಗಿದೆ: ಧರ್ಮದಲ್ಲಿ ನಿಷ್ಠೆಯುಳ್ಳವನು ಕೀಳಾದವನಾದರೂ ಉನ್ನತ ಸ್ಥಿತಿಯನ್ನು ಹೊಂದಬಹುದು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಯಾರೂ ನೆನಸಬಾರದು, ಇದನ್ನು ದೊಡ್ಡವರಿಗೂ ಚಿಕ್ಕವರಿಗೂ ತಿಳಿಸಬೇಕು.

ಎಷ್ಟು ಒಳ್ಳೆಯ ಮಾತು! ಆದರೆ ಅದು ಪ್ರಾಕೃತ ಭಾಷೆಯಲ್ಲಿಯೂ ಬ್ರಾಹ್ಮೀ ಲಿಪಿಯಲ್ಲಿಯೂ ಇದೆ. ಅದೇ ಅರಸನು ವಾಯವ್ಯದ ಕಂದಹಾರದಲ್ಲಿ ಅಲ್ಲಿಯ ಜನರಿಗಾಗಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಯಿಸಿದನೆಂಬದು ೧೯೫೮ರಲ್ಲಿ ದೊರೆತ ಶಾಸನದಿಂದ ತಿಳಿದುಬಂದಿದೆ. ನಮ್ಮ ಸೀಮೆಯಲ್ಲಿಯಾದರೋ ಅರಮನೆಯ ಭಾಷೆಯೇ ಬಂಡೆಯ ಮೇಲೆ ನಿಂತಿತು. ಕಾಲಕ್ರಮದಲ್ಲಿ ಆ ಲಿಪಿಯನ್ನು ಬಲ್ಲವರು ಇಲ್ಲವಾದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬವರು ಅಂಥ ಅಕ್ಷರಗಳನ್ನು ಓದುವ ಬಗೆಯನ್ನು ಕಂಡುಕೊಳ್ಳುವ ವರೆಗೆ ಲೋಕಕ್ಕೆ ಅವು ಮೂಕ ಗೆರೆಗಳಾಗಿದ್ದವು. ದೊಡ್ಡವರಿಗೂ ಚಿಕ್ಕವರಿಗೂ ತಿಳಿಸಬೇಕೆಂಬ ಮಾತೇ ನೂರಾರು ವರುಷ ಯಾರಿಗೂ ತಿಳಿಯದೆ ಬಿಸಿಲು ಮಳೆಗಳಲ್ಲಿ ನಿಂತಿತ್ತು.

ಇದರಿಂದ ನಾವು ಕಲಿಯತಕ್ಕದ್ದು ಏನಂದರೆ, ಮಾತು ಎಷ್ಟು ಉತ್ತಮವಾದರೂ ಕೇಳುವವನ ಭಾಷೆಯಲ್ಲಿ ಅದನ್ನು ಆಡುವ ಜೀವವುಳ್ಳ ಬಾಯಿ ಬೇಕು. ಪಂಚಾಶತ್ತಮ ದಿನದಲ್ಲಿ ಯೆರೂಸಲೇಮಿನಲ್ಲಿ ಕೂಡಿದ್ದ ಬಹು ದೇಶಗಳ ಜನರಿಗೆ ಆಶ್ಚರ್ಯವಾದದ್ದು ಯಾತಕ್ಕೆ? ಒಬ್ಬೊಬ್ಬನು ತನ್ನ ತನ್ನ ಹುಟ್ಟುಭಾಷೆಯಲ್ಲಿ ದೇವರ ಮಹತ್ತುಗಳನ್ನು ಕೇಳಿದ್ದರಿಂದಲೇ. ಅಂದು ಒಂದು ಗಳಿಗೆಯಲ್ಲಿ ಆತ್ಮನು ಕೊಟ್ಟದ್ದನ್ನು ಇಂದು ಸೇವಕನು ಬೆವರು ಸುರಿಸಿ, ನಗೆಗೀಡಾಗಿ, ತಪ್ಪು ಮಾತಾಡಿ ತಿದ್ದಿಕೊಂಡು ಸಂಪಾದಿಸಬೇಕು. ಊರಿನ ಚಿಕ್ಕ ಮಕ್ಕಳೇ ಅವನ ಉಪಾಧ್ಯಾಯರು. ಇಪ್ಪತ್ತು ವಯಸ್ಸಿನವನಿಗೆ ಇದರಿಂದಾಗುವ ದೀನತೆಯೇ ಅವನ ಮೊದಲನೆಯ ಪ್ರಸಂಗವಾಗಿದೆ.

ಕರ್ತನು ಎಪ್ಪತ್ತು ಮಂದಿಗೆ ಕೊಟ್ಟ ಅಪ್ಪಣೆಗಳನ್ನು ಈ ಬೆಳಕಿನಲ್ಲಿ ಓದಿರಿ. ಹಣದ ಚೀಲವನ್ನು ಕಟ್ಟಿಕೊಳ್ಳಬಾರದು. ಮನೆಯನ್ನು ಹೊಕ್ಕೊಡನೆ ಮೊದಲು ಸಮಾಧಾನವನ್ನು ಹಾರೈಸಬೇಕು. ಮನೆಯಿಂದ ಮನೆಗೆ ಅಲೆಯದೆ ಒಂದೇ ಮನೆಯಲ್ಲಿ ಇಳುಕೊಳ್ಳಬೇಕು. ಮುಂದೆ ಬಡಿಸಿದ್ದನ್ನು ಉಣ್ಣಬೇಕು. ಇವೆಲ್ಲವೂ ಅತಿಥಿಯ ನಡತೆಗಳಲ್ಲವೇ? ಬಡಿಸಿದ ಜೋಳದ ರೊಟ್ಟಿಯನ್ನು ಉಣ್ಣಲಾರದವನ ಉಪದೇಶವನ್ನು ಆ ಮನೆಯವರು ಹೇಗೆ ಉಣ್ಣುವರು? ಅತಿಥಿಯು ಮನೆಯ ಯಜಮಾನನನ್ನು ಗೌರವಿಸುತ್ತಾನೆ. ಹಾಗೆಯೇ ಅನ್ಯದೇಶದಲ್ಲಿರುವ ಸೇವಕನು ಆ ದೇಶದ ಕಾನೂನನ್ನೂ ಜನರ ಮನಸ್ಸಾಕ್ಷಿಯನ್ನೂ ಗೌರವಿಸಬೇಕು. ಒತ್ತಾಯದಿಂದಾಗಲಿ ಆಶೆ ತೋರಿಸುವದರಿಂದಾಗಲಿ ಗಳಿಸಿದ್ದು ಕರ್ತನ ಕಣಜಕ್ಕೆ ಸೇರುವ ಕಾಳಲ್ಲ.

೪. ನಡುದಾರಿಯಲ್ಲಿ ತಿರುಗಿ ಬಂದವನು

ಕಳುಹಿಸುವ ದಿನದಲ್ಲಿ ಹಾರ ಹಾಕಿ, ಹಾಡಿ, ಪ್ರಾರ್ಥಿಸಿ ಬೀಳ್ಕೊಡುವದು ಸುಲಭ. ಸಭೆಗೆ ನಿಜವಾದ ಪರೀಕ್ಷೆಯು ತಿರುಗಿ ಬರುವ ದಿನದಲ್ಲಿ ಉಂಟಾಗುತ್ತದೆ. ಹೆಚ್ಚಾಗಿ, ಹೋದವನು ಕಾಲಕ್ಕೆ ಮೊದಲೇ ಬಂದರೆ!

ಮೊರ್ಮೊನರ ಯೌವನಸ್ಥರಲ್ಲಿಯೂ ಎರಡು ವರುಷ ತುಂಬುವದಕ್ಕೆ ಮುಂಚೆ ರೋಗದಿಂದಲೋ, ಮನಸ್ಸಿನ ಕುಗ್ಗುವಿಕೆಯಿಂದಲೋ, ಬೇರೆ ಕಾರಣದಿಂದಲೋ ಮನೆಗೆ ಬರುವವರುಂಟು. ನೆರೆಯವರು ಏನೆನ್ನುವರೋ ಎಂಬ ನಾಚಿಕೆಯು ಅಂಥವರಿಗೆ ರೋಗಕ್ಕಿಂತ ಭಾರವಾದ ಹೊರೆಯಾಗುವದುಂಟು. ದೂರ ಹೋಗಲಾರದವರು ಮನೆಯಲ್ಲಿದ್ದುಕೊಂಡೇ ಬಡವರಿಗೂ ಸಂಸ್ಥೆಗಳಿಗೂ ಸೇವೆ ಮಾಡುವ ಇನ್ನೊಂದು ಕ್ರಮವನ್ನು ಆ ಸಭೆಯವರು ಏರ್ಪಡಿಸಿದ್ದಾರೆ. ಇದು ಒಳ್ಳೇ ಬುದ್ಧಿವಂತಿಕೆ.

ಸತ್ಯವೇದದಲ್ಲಿಯೂ ಇಂಥ ಯೌವನಸ್ಥನೊಬ್ಬನಿದ್ದಾನೆ. ಮಾರ್ಕನೆನಿಸಿಕೊಳ್ಳುವ ಯೋಹಾನನು ಪೌಲ ಬಾರ್ನಬರ ಸಂಗಡ ಹಡಗು ಹತ್ತಿದನು. ಪಂಫುಲ್ಯ ಸೀಮೆಯ ಪೆರ್ಗೆಗೆ ಬಂದಾಗ ಅವರನ್ನು ಬಿಟ್ಟು ಯೆರೂಸಲೇಮಿಗೆ ತಿರುಗಿ ಹೋದನು. ಕಾರಣವೇನೆಂದು ಲೂಕನು ಬರೆಯಲಿಲ್ಲ. ಆದದರಿಂದ ನಾವೂ ಊಹಿಸತಕ್ಕದ್ದಲ್ಲ. ಎರಡನೆಯ ಪ್ರಯಾಣದಲ್ಲಿ ಅವನನ್ನು ಕರಕೊಂಡು ಹೋಗಬಾರದೆಂದು ಪೌಲನು ಹಟಹಿಡಿದನು. ಬಾರ್ನಬನು ಒಪ್ಪಲಿಲ್ಲ. ಅಪೊಸ್ತಲರಲ್ಲಿಯೇ ತೀಕ್ಷ್ಣವಾದ ವಾಗ್ವಾದ ಹುಟ್ಟಿ, ಅವರು ಒಬ್ಬರನ್ನೊಬ್ಬರು ಅಗಲಿದರು. ಬಾರ್ನಬನಾದರೋ ಆ ಯೌವನಸ್ಥನ ಕೈಹಿಡಿದು ಕುಪ್ರದ್ವೀಪಕ್ಕೆ ಹೋದನು. ಕಡೆಗೆ ಏನಾಯಿತು? ಪೌಲನು ಸೆರೆಯಲ್ಲಿದ್ದುಕೊಂಡು ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ, ಮಾರ್ಕನನ್ನು ಕರಕೊಂಡು ಬರಬೇಕೆಂದೂ ಅವನು ಸೇವೆಗೆ ಉಪಯುಕ್ತನೆಂದೂ ಹೇಳಿಕಳುಹಿಸಿದನು. ಎರಡನೆಯ ಸುವಾರ್ತೆಯು ಇವನ ಹೆಸರಿನಲ್ಲಿಯೇ ಇದೆ. ಬಾರ್ನಬನೊಬ್ಬನು ಇಲ್ಲದಿದ್ದರೆ ಸಭೆಯು ಏನನ್ನು ಕಳಕೊಳ್ಳುತ್ತಿತ್ತೆಂಬದನ್ನು ಯೋಚಿಸಿರಿ.

ಮೋಗ್ಲಿಂಗರು ಸಹ ೧೮೬೦ರಲ್ಲಿ ಹೆಂಡತಿಯ ಅಸ್ವಸ್ಥತೆಯ ದೆಸೆಯಿಂದ ಕನ್ನಡನಾಡನ್ನು ಬಿಟ್ಟು ಹೋದರು. ೧೮೮೧ರಲ್ಲಿ ಸ್ವದೇಶದಲ್ಲಿಯೇ ತೀರಿಕೊಂಡರು. ಮನೆಯವರ ಆರೈಕೆಗಾಗಿ ತಿರುಗಿದವನನ್ನು ಓಡಿಹೋದವನೆಂದು ಯಾರು ಕರೆದಾರು?

ಆದದರಿಂದ ನಮ್ಮ ಹುಡುಗನೋ ಹುಡುಗಿಯೋ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ಇಳಿದ ದಿನದಲ್ಲಿ, ಎಷ್ಟು ಜನರನ್ನು ಸೇರಿಸಿದಿ ಎಂದಾಗಲಿ, ಇಷ್ಟು ಬೇಗ ಯಾಕೆ ಬಂದಿ ಎಂದಾಗಲಿ ಕೇಳಬೇಡಿರಿ. ಉಂಡೆಯಾ ಎಂದು ಕೇಳಿರಿ. ಸಭೆಯ ಹಿರಿಯರು ತಾವೇ ಆ ಮನೆಗೆ ಹೋಗಲಿ. ಕೆಲವು ದಿನ ಕಳೆದ ಮೇಲೆ ಅವರ ಬಾಯಿಂದ ಬಂದದ್ದನ್ನು ತಾಳ್ಮೆಯಿಂದ ಕೇಳಿರಿ. ಕೇಳುವದನ್ನು ಕಲಿಯಬೇಕಾದವನು ಹೋದವನು ಮಾತ್ರವಲ್ಲ, ಕಳುಹಿಸಿದವರೂ ಕಲಿಯಬೇಕು.

೫. ಮನೆಯ ಬಾಗಿಲಲ್ಲಿರುವ ಅನ್ಯದೇಶ

ಕಡೆಗೆ ಒಂದು ಮಾತು. ಪಾಸ್‌ಪೋರ್ಟು, ಹಡಗು, ವಿಮಾನ ಇವುಗಳಿಲ್ಲದೆಯೇ ಈ ವಿದ್ಯೆಯನ್ನು ಆರಂಭಿಸಬಹುದು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಸಿಂಧನೂರಿನ ಭೂಮಿಗೆ ಹರಿದ ಮೇಲೆ, ಆಂಧ್ರ ಸೀಮೆಯ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ಬತ್ತ ಬೆಳೆದರು. ಅವರ ಮನೆಮಾತು ತೆಲುಗು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಅದೇ ತಾಲ್ಲೂಕಿನಲ್ಲಿ ಸರಕಾರದವರು ಪುನರ್ವಸತಿ ಕ್ಯಾಂಪುಗಳನ್ನು ಮಾಡಿಕೊಟ್ಟರು; ಅವರ ಮನೆಗಳಲ್ಲಿ ಇಂದಿಗೂ ಬಂಗಾಳಿ ಮಾತಾಡುತ್ತಾರೆ. ನಮ್ಮ ಯೌವನಸ್ಥರಲ್ಲಿ ಎಷ್ಟು ಮಂದಿ ಆ ನೆರೆಯವರ ಭಾಷೆಯಲ್ಲಿ ಕುಶಲ ಪ್ರಶ್ನೆಯನ್ನಾದರೂ ಮಾಡಬಲ್ಲರು? ಮನೆಯನ್ನು ಕಳಕೊಂಡು ಬಂದ ಅಜ್ಜನ ಕಥೆಯನ್ನು ಅವನ ಸ್ವಂತ ಮಾತಿನಲ್ಲಿ ಕೇಳಿದವರೆಷ್ಟು ಮಂದಿ?

ಹತ್ತು ಮೈಲಿಯಾಚೆಯ ನೆರೆಯವನ ಮಾತನ್ನು ಕೇಳಲಾರದವನು ಹತ್ತು ಸಾವಿರ ಮೈಲಿಯಾಚೆ ಹೋಗಿ ಏನು ಹೇಳಬಲ್ಲನು? ಅನ್ಯದೇಶಕ್ಕೆ ಹೋಗಬೇಕೆಂದಿರುವ ಯೌವನಸ್ಥನು ಈ ವರುಷವೇ ನೆರೆಯವರ ಭಾಷೆಯೊಂದನ್ನು ಕಲಿಯತೊಡಗಲಿ, ಜೊತೆಗಾರನೊಬ್ಬನನ್ನು ಕರಕೊಂಡು ಹೋಗಲಿ, ಬಡಿಸಿದ್ದನ್ನು ಉಣ್ಣಲಿ. ದೂರದ ಬಾಗಿಲು ತೆರೆದರೆ ಅವನು ಸಿದ್ಧನಾಗಿರುವನು. ತೆರೆಯದಿದ್ದರೂ ಅವನ ಸೇವೆಯು ಆಗಲೇ ಆರಂಭವಾಗಿರುವದು.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಕರ್ತನು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದರ ಪ್ರಯೋಜನವೇನು? ನಮ್ಮ ಸಭೆಯ ಕೆಲಸಗಳಲ್ಲಿ ಯಾರನ್ನಾದರೂ ಒಂಟಿಯಾಗಿ ಬಿಟ್ಟಿದ್ದೇವೋ?

೨. ೧೮೫೩ರಲ್ಲಿ ಬಂದ ಎರಡು ಪಕ್ಷದವರ ಕೆಲಸಗಳಲ್ಲಿ ಭೇದಕ್ಕೆ ಕಾರಣವೇನು?

೩. ಮಸ್ಕಿಯ ಬಂಡೆಯ ಮಾತು ಯಾತಕ್ಕಾಗಿ ಬಹುಕಾಲ ಮೂಕವಾಗಿತ್ತು? ನಾವು ಆಡುವ ಯಾವ ಮಾತುಗಳು ಕೇಳುವವರಿಗೆ ಹಾಗೆಯೇ ಮೂಕವಾಗಿವೆ?

೪. ಮಾರ್ಕನ ವಿಷಯದಲ್ಲಿ ಪೌಲನು ನಡಕೊಂಡ ರೀತಿಗೂ ಬಾರ್ನಬನು ನಡಕೊಂಡ ರೀತಿಗೂ ಇರುವ ಭೇದವನ್ನು ಹೇಳಿರಿ. ನಮ್ಮ ಊರಿಗೆ ಸೋತು ಬಂದವರಿಗೆ ಬಾರ್ನಬನಾಗತಕ್ಕವರು ಯಾರು?

೫. ನಿಮ್ಮ ಊರಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ ಬೇರೆ ಮನೆಮಾತಿನವರು ಯಾರಿದ್ದಾರೆ? ಅವರ ಮಾತನ್ನು ಕಲಿಯಲು ಯಾರು ಮುಂದೆ ಬರುವಿರಿ?